ಧ್ಯಾನಕ್ಕೆ ಕೂತರೆ ಬೆಳಿಗ್ಗೆ ಮನಸ್ಸು ಓಡ್ತದೆ, ಸಂಜೆ ನಿದ್ದೆ ಬರ್ತದೆ. ಎಂತ ಮಾಡುವುದು?

ಬಿಜೈ_ಓದುಗ (ಮಂಗಳೂರು)

ಎಲ್ಲರಿಗೂ ನಮಸ್ಕಾರ. ಉಸಿರು ಗಮನಿಸುವ ಧ್ಯಾನ ಕಲೀಲಿಕ್ಕೆ ಶುರು ಮಾಡಿದ್ದೇನೆ. ಹೇಳಿಕೊಡುವವರು ಯಾರೂ ಇಲ್ಲ, ಮೊಬೈಲಿನಲ್ಲಿ ಹಾಕಿಕೊಂಡು ಕೇಳ್ತಾ ಕೂರುವುದು. ಬೆಳಿಗ್ಗೆ ಅರ್ಧ ಗಂಟೆ, ಆಫೀಸಿಂದ ಬಂದ ಮೇಲೆ ಅರ್ಧ ಗಂಟೆ ಅಂತ ಇಟ್ಟುಕೊಂಡಿದ್ದೇನೆ.

ಬೆಳಿಗ್ಗೆ ಎರಡು ಮೂರು ಉಸಿರು ಆಗುವಷ್ಟರಲ್ಲಿ ಮನಸ್ಸು ಎಲ್ಲಿಗೋ ಹೋಗಿ ಆಗಿರ್ತದೆ. ಹೋದದ್ದು ಗೊತ್ತಾಗುವಾಗ ತುಂಬಾ ಹೊತ್ತು ಕಳೆದಿರ್ತದೆ. ಜೋರು ಮಾಡಿ ಹಿಡಿದಿಟ್ಟರೆ ಹುಬ್ಬಿನ ನಡುವೆ ಬಿಗಿದ ಹಾಗೆ ಆಗ್ತದೆ, ಉಸಿರೂ ಸರಿಯಾಗಿ ಬರುವುದಿಲ್ಲ. ಸಂಜೆ ಕೂತರೆ ತಲೆ ತೂಗ್ತದೆ. ಎಡಗಾಲು ಜೋಮು ಹಿಡೀತದೆ. ಮನೆ ರಸ್ತೆ ಬದಿಯಲ್ಲೇ ಇರುವುದರಿಂದ ಬಸ್ಸಿನ ಹಾರ್ನ್ ತಪ್ಪಿದ್ದಲ್ಲ. ಮೇಲಿಂದ ಸೆಖೆ, ನುಸಿ.

10 ದಿನದ ಶಿಬಿರಕ್ಕೆ ಹೋಗಿ ಬಂದರೆ ಇದೆಲ್ಲ ಒಮ್ಮೆಗೇ ಸರಿಯಾಗ್ತದೆ ಅಂತ ಒಬ್ಬರು ಹೇಳಿದರು. ಹೋಗಬಹುದಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

---

ಮಣಿಪಾಲ_ಅಭ್ಯಾಸಿ

ಮೊದಲು ಆ ಅರ್ಧ ಗಂಟೆಯನ್ನು ಬಿಡಿ. ಬೆಳಿಗ್ಗೆ 10 ನಿಮಿಷ, ಸಂಜೆ 10 ನಿಮಿಷ ಸಾಕು. ಅರ್ಧ ಗಂಟೆ ಕೂತು ಅದರಲ್ಲಿ ಮುಕ್ಕಾಲು ಪಾಲು ಯೋಚನೆಯಲ್ಲೇ ಕಳೆದರೆ, ಕಣ್ಣು ಮುಚ್ಚಿ ಹಗಲುಗನಸು ಕಾಣುವುದೇ ರೂಢಿಯಾಗುತ್ತದೆ. ಆ ರೂಢಿ ಒಮ್ಮೆ ಕೂತರೆ ಬಿಡಿಸುವುದು ಕಷ್ಟ. 10 ನಿಮಿಷ ಹಗುರಾಗಿ ಆಗತೊಡಗಿದ ಮೇಲೆ ಎರಡು ವಾರಕ್ಕೊಮ್ಮೆ 5 ನಿಮಿಷ ಏರಿಸಿ.

ಇನ್ನು ಮನಸ್ಸು ಓಡುವ ವಿಷಯ. ಇದು ನಿಮ್ಮೊಬ್ಬರ ಮನಸ್ಸಿನ ದೋಷ ಎಂದುಕೊಳ್ಳಬೇಡಿ. 2010ರಲ್ಲಿ ಹಾರ್ವರ್ಡ್‌ನ ಇಬ್ಬರು ಸಂಶೋಧಕರು ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಹಗಲು ಹೊತ್ತಿನಲ್ಲಿ ಆಗೊಮ್ಮೆ ಈಗೊಮ್ಮೆ ಫೋನಿನಲ್ಲಿ ಪ್ರಶ್ನೆ ಕಳಿಸಿ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ ಎಂದು ಕೇಳಿದ್ದರು. ಸುಮಾರು 47% ಸಲ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಧ್ಯಾನಕ್ಕೆ ಕೂತಾಗ ಬೇರೆ ಕೆಲಸ ಇಲ್ಲವಾದ್ದರಿಂದ ಅದು ಕಣ್ಣಿಗೆ ಹೊಡೆದು ಕಾಣುತ್ತದೆ, ಅಷ್ಟೆ.

ಧ್ಯಾನದ ಒಂದು ಸುತ್ತು ಎಂದರೆ ನಾಲ್ಕು ಘಟ್ಟ: ಗಮನ ಉಸಿರಿನಲ್ಲಿ ನಿಲ್ಲುವುದು, ಜಾರುವುದು, ಜಾರಿದ್ದು ಗೊತ್ತಾಗುವುದು, ವಾಪಸು ತರುವುದು. ಅಮೆರಿಕದ ಎಮರಿ ವಿಶ್ವವಿದ್ಯಾಲಯದವರು 2012ರಲ್ಲಿ ಧ್ಯಾನದಲ್ಲಿ ಪಳಗಿದವರನ್ನೇ ಸ್ಕ್ಯಾನರಿನಲ್ಲಿ ಮಲಗಿಸಿ, ಮನಸ್ಸು ಜಾರಿದ್ದು ಗೊತ್ತಾದ ಕೂಡಲೇ ಬಟನ್ ಒತ್ತಲು ಹೇಳಿ ಇದೇ ಸುತ್ತನ್ನು ನೋಡಿದ್ದರು. ಅಂದರೆ ಪಳಗಿದವರ ಮನಸ್ಸೂ ಜಾರುತ್ತದೆ, ಅವರಿಗೆ ಬೇಗ ಗೊತ್ತಾಗುತ್ತದೆ. ನೀವು ಬೆಳೆಸಬೇಕಾದ್ದು ಈ ಮೂರನೇ ಘಟ್ಟವನ್ನು. ಅದನ್ನು ಬಲವಂತದಿಂದ ತರಿಸಲಾಗುವುದಿಲ್ಲ, ತಾನಾಗಿ ಆಗಬೇಕು. ಆದರೆ ಗೊತ್ತಾದ ಆ ಗಳಿಗೆಯಲ್ಲಿ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂಬುದರ ಮೇಲೆ ಮುಂದಿನ ಸಲ ಬೇಗ ಗೊತ್ತಾಗುವುದೋ ತಡವಾಗಿಯೋ ಎನ್ನುವುದು ನಿಂತಿದೆ. ‘ಛೆ, ಪುನಃ ಹೋಯ್ತು’ ಎಂದು ಬೈದುಕೊಂಡರೆ ಅದೇ ಹೊಸ ಯೋಚನೆಯಾಗಿ ಇನ್ನೆರಡು ನಿಮಿಷ ತಿನ್ನುತ್ತದೆ.

ಹಾಗಾಗಿ ವಾಪಸು ಬರುವುದನ್ನು ಒಂದೇ ಕ್ರಮದಲ್ಲಿ ಮಾಡಿ. ಗೊತ್ತಾದ ಕೂಡಲೇ ಮನಸ್ಸಿನಲ್ಲೇ ‘ಯೋಚನೆ’ ಎಂದು ಒಂದೇ ಮಾತು ಹೇಳಿ. ಯಾವ ಯೋಚನೆ, ಎಲ್ಲಿಂದ ಶುರುವಾಯಿತು ಎಂದು ಕೆದಕಲು ಹೋಗಬೇಡಿ. ಆಮೇಲೆ ಹಣೆ, ದವಡೆ, ಭುಜ ಸಡಿಲಿಸಿ. ಜಾರಿದ್ದಾಗ ಇವು ಮೂರೂ ಗೊತ್ತಿಲ್ಲದೆ ಬಿಗಿದಿರುತ್ತವೆ. ಆಮೇಲೆ ಮುಂದಿನ ಹೊರ ಉಸಿರಿಗೆ ಕಾದು, ಅಲ್ಲಿಂದ ಪುನಃ ಒಂದು ಎಂದು ಹಿಡಿಯಿರಿ.

ಎಣಿಕೆ ಹೀಗೆ: ಉಸಿರು ಪೂರ್ತಿ ಹೊರಗೆ ಹೋದ ಮೇಲೆ ‘ಒಂದು’. ಮುಂದಿನದು ಹೋದ ಮೇಲೆ ‘ಎರಡು’. ಹತ್ತಕ್ಕೆ ಮುಟ್ಟಿದರೆ ಪುನಃ ಒಂದರಿಂದ. ನಡುವೆ ತಪ್ಪಿದರೂ ಒಂದರಿಂದ. ಉಸಿರು ಮುಗಿದ ಮೇಲೆಯೇ ಎಣಿಸಿ ಎನ್ನುವುದಕ್ಕೆ ಕಾರಣ, ಮೊದಲೇ ಎಣಿಸಿದರೆ ಅಂಕಿಗೆ ತಕ್ಕ ಹಾಗೆ ನೀವೇ ಉಸಿರು ಎಳೆಯತೊಡಗುತ್ತೀರಿ. ನಿಮಗೆ ಉಸಿರು ಸರಿಯಾಗಿ ಬಾರದೆ ಇರುವುದು ಇದರಿಂದಲೇ ಇರಬಹುದು. ಹತ್ತು ದೂರವಾದರೆ ಐದರವರೆಗೆ ಸಾಕು. ಮೂರು ನಾಲ್ಕು ಸುತ್ತು ತಪ್ಪದೆ ಆಗತೊಡಗಿದರೆ ಎಣಿಕೆ ಬಿಟ್ಟು ಬರೇ ಉಸಿರು ನೋಡಿ.

ಹುಬ್ಬಿನ ನಡುವಿನ ಬಿಗಿತಕ್ಕೆ ಹೆಚ್ಚಾಗಿ ಕಾರಣ ಕಣ್ಣು. ಮೂಗಿನ ತುದಿ ಗಮನಿಸಿ ಎಂದಾಗ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಮೂಗಿನ ಕಡೆ ತಿರುಗಿ ನಿಲ್ಲುತ್ತವೆ. ನೋಡುವ ಕೆಲಸ ಬೇಡ, ತಾಗುವುದು ಗೊತ್ತಾದರೆ ಸಾಕು. ಕಣ್ಣುಗುಡ್ಡೆಗಳನ್ನು ಮಡಿಲಿನ ಕಡೆ ಇಳಿಬಿಡಿ. ಬಿಗಿತ ಆಗಲೂ ಹೋಗದಿದ್ದರೆ ಒಂದಷ್ಟು ದಿನ ಮೂಗು ಬಿಟ್ಟು, ಹೊಕ್ಕುಳಿನಿಂದ ಎರಡು ಬೆರಳು ಕೆಳಗೆ ಹೊಟ್ಟೆ ಏರಿ ಇಳಿಯುವುದನ್ನು ಗಮನಿಸಿ. ಮಳೆಗಾಲದ ಶೀತದಲ್ಲಿ ಮೂಗು ಕಟ್ಟಿದಾಗಲೂ ಇದೇ ದಾರಿ.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಒಳಗೆ ಬರುವ ಗಾಳಿ ತಂಪು, ಹೊರಗೆ ಹೋಗುವುದು ಬಿಸಿ, ಅದನ್ನು ಗಮನಿಸಿ ಎಂದು ಎಲ್ಲರೂ ಹೇಳುತ್ತಾರೆ. ಎಪ್ರಿಲ್, ಮೇ ಸೆಖೆಯಲ್ಲಿ ಒಳಗೆ ಬರುವ ಗಾಳಿಯೂ ಹೆಚ್ಚುಕಮ್ಮಿ ಅಷ್ಟೇ ಬಿಸಿ, ವ್ಯತ್ಯಾಸ ತಿಳಿಯುವುದಿಲ್ಲ. ಇಲ್ಲದ ತಂಪನ್ನು ಹುಡುಕಿ ಮನಸ್ಸು ಬಳಲುತ್ತದೆ. ಮೇಲ್ತುಟಿಗೆ ಗಾಳಿ ತಾಗುವುದನ್ನಷ್ಟೇ ಹಿಡಿಯಿರಿ. ಫ್ಯಾನು ಮುಖಕ್ಕೆ ಬೀಸುತ್ತಿದ್ದರೆ ಅದೂ ತಿಳಿಯುವುದಿಲ್ಲ, ಬೆನ್ನಿಗೆ ಬೀಸುವ ಹಾಗೆ ಕೂತುಕೊಳ್ಳಿ.

---

ಚಾಪೆ_ಜಮಖಾನ (ಕಾರ್ಕಳ)

ಕಾಲಿನ ವಿಷಯ ಮಾತ್ರ ಹೇಳ್ತೇನೆ.

ಜೋಮು ಬರುವುದು ಹೆಚ್ಚಿನ ಸಲ ನರ ಒತ್ತಿದ್ದರಿಂದ. ಮೊಣಕಾಲಿನ ಹೊರಬದಿಯಲ್ಲಿ ಕೈಯಾಡಿಸಿದರೆ ಒಂದು ಮೂಳೆಯ ಗಂಟು ಸಿಗ್ತದೆ ನೋಡಿ, ಅದರ ಕೆಳಗೆ ಒಂದು ನರ ಚರ್ಮಕ್ಕೆ ತಾಗಿಕೊಂಡ ಹಾಗೇ ಹಾದುಹೋಗ್ತದೆ. ಮಡಚಿದ ಕಾಲಿನ ಮೇಲೆ ಇನ್ನೊಂದು ಕಾಲಿನ ಭಾರ ಬಿದ್ದಾಗ, ಸೊಂಟ ಹಿಂದಕ್ಕೆ ಕುಸಿದು ತೊಡೆಯ ಹಿಂಬದಿ ಒತ್ತಿದಾಗ ಹೀಗಾಗ್ತದೆ. ಎಡಗಾಲು ಮಾತ್ರ ಅಂದರೆ ನೀವು ದಿನಾ ಎಡಗಾಲನ್ನೇ ಕೆಳಗೆ ಹಾಕಿ ಕೂರ್ತಿರಬೇಕು. ಒಂದೊಂದು ಸಲಕ್ಕೆ ಕಾಲು ಬದಲಿಸಿ. ಅದಕ್ಕಿಂತ ಒಳ್ಳೆಯದು, ಕಾಲನ್ನು ಒಂದರ ಮೇಲೊಂದು ಹೇರದೆ, ಎರಡೂ ಪಾದ ನೆಲಕ್ಕೆ ತಾಗುವ ಹಾಗೆ ಒಂದರ ಮುಂದೆ ಒಂದು ಇಟ್ಟುಕೊಳ್ಳುವುದು.

ಕೂರುವ ಜಾಗ ನೆಲದಿಂದ 3ರಿಂದ 4 ಇಂಚು ಎತ್ತರ ಬೇಕು, ಸೊಂಟ ಮೊಣಕಾಲಿಗಿಂತ ಮೇಲೆ ಬರಬೇಕು. ಸ್ಪಂಜಿನ ದಿಂಬು ಬೇಡ, ಐದು ನಿಮಿಷಕ್ಕೆ ಜಗ್ಗಿ ಹೋಗ್ತದೆ. ಹತ್ತಿಯ ಹಾಸಿಗೆ ತುಂಡು, ಇಲ್ಲವಾದರೆ ದಪ್ಪ ಜಮಖಾನ ಗಟ್ಟಿಯಾಗಿ ಮಡಚಿ. ಅದರ ಮುಂದಿನ ಅರ್ಧದಲ್ಲಿ ಮಾತ್ರ ಕೂತುಕೊಳ್ಳಿ. ಮೊಣಕಾಲು ನೆಲಕ್ಕೆ ಮುಟ್ಟದಿದ್ದರೆ ಅದರಡಿಗೆ ಬೈರಾಸು ಮಡಚಿ ಇಡಿ, ಗಾಳಿಯಲ್ಲಿ ತೇಲಲಿಕ್ಕೆ ಬಿಡಬಾರದು. ಟೈಲ್ಸ್ ನೆಲವಾದರೆ ಕೆಳಗೊಂದು ಚಾಪೆ, ಇಲ್ಲದಿದ್ದರೆ ಪಾದದ ಗಂಟು ನೋವಾಗ್ತದೆ. ಸರಿಯಾಗಿ ಕೂತಿದ್ದೀರಾ ಅಂತ ನೋಡಲಿಕ್ಕೆ ಅಂಗೈಯನ್ನು ಸೊಂಟದ ಹಿಂದೆ ಇಡಿ. ಅಲ್ಲಿ ಸಣ್ಣ ಒಳಬಾಗು ಸಿಗಬೇಕು. ಹೊರಗೆ ಉಬ್ಬಿದ್ದರೆ ಎತ್ತರ ಸಾಲದು.

ಕುರ್ಚಿಯಲ್ಲಿ ಕೂತರೂ ಆಗ್ತದೆ, ಅದರಲ್ಲಿ ಎಂತ ಕಡಿಮೆಯೂ ಇಲ್ಲ. ಪಾದ ಪೂರ್ತಿ ನೆಲಕ್ಕೆ, ಬೆನ್ನು ಒರಗಿಸದೆ. ಪ್ಲಾಸ್ಟಿಕ್ ಕುರ್ಚಿಗಳು ಹಿಂದಕ್ಕೆ ಇಳಿಜಾರು ಇರ್ತವೆ, ಹಿಂಬದಿಯಲ್ಲಿ ಬಟ್ಟೆ ಮಡಚಿ ಹಾಕಿ ಸಮ ಮಾಡಿಕೊಳ್ಳಿ.

ತೊಡೆ ಎಳೆದ ಹಾಗಿನ ನೋವು ಸಹಿಸಬಹುದು. ಮೊಣಕಾಲಿನ ಒಳಗೆ ಚುಚ್ಚುವ ನೋವು ಬಂದರೆ ಆ ಕೂಡಲೇ ಕಾಲು ಬಿಡಿಸಿ. ಜೋಮು ಹಿಡಿದ ಕಾಲಿನ ಮೇಲೆ ಒಮ್ಮೆಗೇ ಎದ್ದು ನಿಲ್ಲಬೇಡಿ, ಪಾದ ಉಳುಕುವುದು ಹಾಗೆಯೇ. ಒಂದೆರಡು ನಿಮಿಷ ಚಾಚಿಕೊಂಡು ಕೂತು ಏಳಿ. ಜೋಮು ಗಂಟೆಗಟ್ಟಲೆ ಬಿಡದಿದ್ದರೆ, ಪಾದ ಎತ್ತಲಿಕ್ಕೆ ಕಷ್ಟ ಆದರೆ ಡಾಕ್ಟರಿಗೆ ತೋರಿಸಬೇಕು.

---

ಬಿಜೈ_ಓದುಗ

ಇಬ್ಬರಿಗೂ ತುಂಬಾ ಉಪಕಾರ. ಸ್ಪಂಜಿನ ದಿಂಬು ಇವತ್ತೇ ತೆಗೆದೆ. ಇನ್ನೊಂದು ಸಂಶಯ: ಎಣಿಕೆ ಒಂದು ಬದಿಯಲ್ಲಿ ಸರಿಯಾಗಿ ಹೋಗ್ತಾ ಇರ್ತದೆ, ಇನ್ನೊಂದು ಬದಿಯಲ್ಲಿ ಯೋಚನೆಯೂ ನಡೀತಾ ಇರ್ತದೆ. ಹತ್ತು ಮುಟ್ಟಿದರೆ ಅದು ಲೆಕ್ಕಕ್ಕೆ ಸೇರ್ತದಾ? ಸಂಜೆಯ ನಿದ್ದೆಗೆ ಯಾರಾದರೂ ಹೇಳಿ.

---

ಮಣಿಪಾಲ_ಅಭ್ಯಾಸಿ

ಹಿಂದೆ ಯೋಚನೆ ಮಂದವಾಗಿ ನಡೆಯುತ್ತಿದ್ದು, ಉಸಿರು ಸ್ಪಷ್ಟವಾಗಿ ಗೊತ್ತಾಗುತ್ತಿದ್ದರೆ ಲೆಕ್ಕಕ್ಕೆ ಸೇರುತ್ತದೆ. ಯೋಚನೆ ನಿಲ್ಲಿಸುವುದು ಈಗಿನ ಕೆಲಸ ಅಲ್ಲ. ಅಂಕಿ ಮಾತ್ರ ಉಳಿದು ಉಸಿರೇ ಕಾಣೆಯಾಗಿದ್ದರೆ ಸೇರುವುದಿಲ್ಲ. ಪರೀಕ್ಷೆ ಸುಲಭ: ಈಗ ಹೋದ ಉಸಿರು ಉದ್ದವಿತ್ತೋ ಗಿಡ್ಡವಿತ್ತೋ ಎಂದು ಕೇಳಿಕೊಳ್ಳಿ. ಉತ್ತರ ಇಲ್ಲವಾದರೆ ಎಣಿಕೆ ಬಾಯಿಪಾಠವಾಗಿದೆ. ಆಗ ಒಂದು ಸುತ್ತು ಹತ್ತರಿಂದ ಒಂದಕ್ಕೆ ಹಿಂದೆ ಎಣಿಸಿದರೆ ಎಚ್ಚರ ಬರುತ್ತದೆ.

---

ಕಾಪು_ಕಡಲಬದಿ

ಸಂಜೆಯ ನಿದ್ದೆಗೆ ನಾನು ಬರೆಯುತ್ತೇನೆ, ಇದು ಸ್ವಲ್ಪ ಉದ್ದವಾದೀತು.

ಧ್ಯಾನದ ವಿಘ್ನಗಳನ್ನು ವೇದಾಂತದಲ್ಲಿ ನಾಲ್ಕಾಗಿ ಹೇಳುತ್ತಾರೆ: ಲಯ, ವಿಕ್ಷೇಪ, ಕಷಾಯ, ರಸಾಸ್ವಾದ. ಕಲಿಯುವವರನ್ನು ಕಾಡುವುದು ಮೊದಲಿನ ಎರಡು. ಲಯ ಎಂದರೆ ಮನಸ್ಸು ಮಂಕಾಗಿ ನಿದ್ದೆಗೆ ಇಳಿಯುವುದು, ವಿಕ್ಷೇಪ ಎಂದರೆ ಚದುರುವುದು. ನಿಮಗೆ ಬೆಳಿಗ್ಗೆ ವಿಕ್ಷೇಪ, ಸಂಜೆ ಲಯ. ಇವೆರಡಕ್ಕೂ ಒಂದೇ ಔಷಧ ಮಾಡಿದರೆ ಕೆಲಸ ಕೆಡುತ್ತದೆ. ಚದುರಿದಾಗ ಸಡಿಲಿಸಬೇಕು, ಮಂಕಾದಾಗ ಬಿಗಿ ಮಾಡಬೇಕು. ಮಣಿಪಾಲದವರು ಮೇಲೆ ಹೇಳಿದ ‘ಸಡಿಲಿಸಿ, ಕಣ್ಣು ಇಳಿಬಿಡಿ’ ಎನ್ನುವುದನ್ನು ಸಂಜೆ ಮಾಡಿದರೆ ನೇರ ನಿದ್ದೆಯೇ.

ಸಂಜೆಗೆ ಹೀಗೆ ಮಾಡಿ ನೋಡಿ. ಬಂದ ಕೂಡಲೇ ಚಾ, ಗೋಳಿಬಜೆ ತಿಂದು ಕೂರಬೇಡಿ. ಮೊದಲು ಕೈಕಾಲು ಮುಖ ತೊಳೆದು, ಕೂತು ಎದ್ದು, ಆಮೇಲೆ ಚಾ. ಹೊಟ್ಟೆ ತುಂಬ ಕುಚ್ಚಲಕ್ಕಿ ಅನ್ನ ಉಂಡಿದ್ದರೆ ಎರಡೂವರೆ, ಮೂರು ಗಂಟೆ ಕಳೆಯಬೇಕು, ತಿಂಡಿಗೆ ಒಂದು ಗಂಟೆ. ಕೋಣೆಯಲ್ಲಿ ಲೈಟ್ ಇರಲಿ. ಕಣ್ಣು ಪೂರ್ತಿ ಮುಚ್ಚದೆ ಅರ್ಧ ತೆರೆದು, ಮೂರು ನಾಲ್ಕು ಅಡಿ ಮುಂದೆ ನೆಲದ ಮೇಲೆ ಸುಮ್ಮನೆ ದೃಷ್ಟಿ ಇಡಿ. ಶುರುವಿಗೆ ಐದು ಉಸಿರು ಬೇಕೆಂದೇ ಆಳವಾಗಿ ತೆಗೆದುಕೊಳ್ಳಿ. ಗಮನವನ್ನು ಹೊಟ್ಟೆಯ ಬದಲು ಮೂಗಿನ ಹತ್ತಿರವೇ, ಸಣ್ಣ ಜಾಗದಲ್ಲಿ ಇಡಿ. ಒಳ ಉಸಿರಿನ ಆರಂಭವನ್ನು ಚುರುಕಾಗಿ ಹಿಡಿಯಿರಿ.

ಆದರೂ ತೂಕಡಿಕೆ ಬಂದರೆ ಹಟ ಹಿಡಿದು ಕೂರಬೇಡಿ, ಎದ್ದು ನಡೆಯಿರಿ. ಚಾವಡಿಯಲ್ಲೋ ಟೆರೇಸಿನಲ್ಲೋ 10-15 ಹೆಜ್ಜೆಯ ಒಂದು ಗೆರೆ ಸಾಕು. ಬರಿಗಾಲು. ಹಿಮ್ಮಡಿ ಎದ್ದದ್ದು, ಕಾಲು ಮುಂದೆ ಹೋದದ್ದು, ಪಾದ ಊರಿದ್ದು, ಈ ಮೂರನ್ನು ಗಮನಿಸುತ್ತಾ ನಡೆದು, ತುದಿಯಲ್ಲಿ ಒಂದು ಗಳಿಗೆ ನಿಂತು ತಿರುಗಿ ಬನ್ನಿ. ಇದು ಪೂರ್ತಿ ಧ್ಯಾನವೇ. ದಿನವಿಡೀ ಆಫೀಸಿನಲ್ಲಿ ಕೂತವರಿಗೆ ಸಂಜೆಗೆ ಇದೇ ಹೆಚ್ಚು ಒಗ್ಗುತ್ತದೆ ಎಂದು ನನ್ನ ಅಭಿಪ್ರಾಯ.

ಲಯದಲ್ಲಿ ಒಂದು ಮೋಸದ ಹಂತವಿದೆ. ನಿದ್ದೆ ಬಂದಿರುವುದಿಲ್ಲ, ತಲೆಯೂ ತೂಗುವುದಿಲ್ಲ. ಹಿತವಾದ ಮಂಪರು, ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ, ಯೋಚನೆಯೂ ಇಲ್ಲ. ತುಂಬಾ ಜನ ಇದನ್ನೇ ಆಳವಾದ ಧ್ಯಾನ ಎಂದು ಹಿಡಿದುಕೊಂಡು ವರ್ಷಗಟ್ಟಲೆ ಅಲ್ಲೇ ಉಳಿಯುತ್ತಾರೆ. ಗುರುತು ಏನೆಂದರೆ ಉಸಿರು ಮಸುಕಾಗಿರುತ್ತದೆ, ಎದ್ದ ಮೇಲೆ ತಲೆ ಭಾರ. ನಿಜವಾಗಿ ನಿಂತ ಮನಸ್ಸಿನಲ್ಲಿ ಉಸಿರು ಮೊದಲಿಗಿಂತ ಸ್ಪಷ್ಟ, ಎದ್ದಾಗ ತಲೆ ಹಗುರ.

ಬೆಳಿಗ್ಗೆಯ ಹೊತ್ತಿನ ಬಗ್ಗೆ: ಬ್ರಾಹ್ಮೀ ಮುಹೂರ್ತ ಸೂರ್ಯೋದಯಕ್ಕೆ 1 ಗಂಟೆ 36 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುತ್ತದೆ. ನಮ್ಮಲ್ಲಿ ಸೂರ್ಯೋದಯ ಋತುವಿಗೆ ತಕ್ಕ ಹಾಗೆ 6ರಿಂದ 7 ಗಂಟೆಯೊಳಗೆ ಆಗುವುದರಿಂದ ಅದು ಶುರುವಾಗುವುದು ಸುಮಾರು 4.30ರಿಂದ 5.20ರೊಳಗೆ. ಶಾಂತವಾದ ಸಮಯ, ಹಾರ್ನೂ ಕಡಿಮೆ. ಆದರೆ ರಾತ್ರಿ 9.30ಕ್ಕೆ ಮಲಗುವವರಿಗೆ ಮಾತ್ರ. 11.30ಕ್ಕೆ ಮಲಗಿ ಆಗ ಎದ್ದು ಕೂತರೆ ಸಂಜೆಯ ತೊಂದರೆ ಬೆಳಿಗ್ಗೆಗೂ ಬರುತ್ತದೆ.

ಹಾರ್ನಿನದ್ದು: ಶಬ್ದ ಎರಡು ಮೂರು ಸೆಕೆಂಡಿನಲ್ಲಿ ಮುಗಿದಿರುತ್ತದೆ. ಉಳಿಯುವುದು ಅದರ ಮೇಲಿನ ಕಿರಿಕಿರಿ. ‘ಶಬ್ದ’ ಎಂದು ಒಂದು ಮಾತು ಹೇಳಿ ಉಸಿರಿಗೆ ಬನ್ನಿ. ಹತ್ತಿರದಲ್ಲಿ ಎಲ್ಲೋ ಕೋಲವೋ ಯಕ್ಷಗಾನವೋ ಇದ್ದು ಮೈಕ್ ನಿಲ್ಲದೆ ಕೇಳುತ್ತಿದ್ದರೆ ಉಸಿರು ಬಿಟ್ಟು ಕೇಳುವುದನ್ನೇ ಧ್ಯಾನ ಮಾಡಿಕೊಳ್ಳಿ. ಪದ್ಯದ ಮಾತಿಗೆ ಹೋಗದೆ, ಚೆಂಡೆಯ ಪೆಟ್ಟು ಎದ್ದು ಅಡಗುವುದನ್ನು ಮಾತ್ರ ಕೇಳುವುದು.

ನುಸಿ ಕಚ್ಚಿದರೂ ಅಲ್ಲಾಡಬಾರದು ಎಂಬ ಮಾತನ್ನು ಇಲ್ಲಿ ಯಾರೂ ಪಾಲಿಸಬೇಡಿ. ಮಲೇರಿಯಾ, ಡೆಂಗಿ ಎರಡೂ ಇರುವ ಊರು ನಮ್ಮದು. ಡೆಂಗಿಯ ನುಸಿ ಹಗಲಲ್ಲಿ, ಹೆಚ್ಚಾಗಿ ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ ಕಚ್ಚುವುದು. ಮಲೇರಿಯಾದ್ದು ಕತ್ತಲಾದ ಮೇಲೆ. ನೀವು ಕೂರುವ ಎರಡು ಹೊತ್ತೂ ಅದರೊಳಗೇ ಬಂತು. ಮಂಚದ ಮೇಲೆ ಪರದೆ ಇಳಿಬಿಟ್ಟು ಅದರೊಳಗೆ ಕೂತುಕೊಳ್ಳಿ, ಇಲ್ಲವೇ ಕೈಕಾಲಿಗೆ ನುಸಿಯ ಕ್ರೀಮ್ ಹಚ್ಚಿ. ಬಾಗಿಲು ಹಾಕಿದ ಕೋಣೆಯಲ್ಲಿ ಕಾಯಿಲ್ ಹಚ್ಚಿ ಉಸಿರು ಗಮನಿಸುವುದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

---

ರಥಬೀದಿ (ಉಡುಪಿ)

ಎಲ್ಲ ಸರಿಯಾಗಿ ಹೇಳಿದ್ದೀರಿ. ಆದರೆ ಉಸಿರೇ ಎಲ್ಲರಿಗೂ ಒಗ್ಗುವುದಿಲ್ಲ ಮಾರಾಯ್ರೆ. ಉಸಿರು ನೋಡಿದರೆ ಕಟ್ಟಿದ ಹಾಗೆ ಆಗುವವರಿಗೆ ಜಪ ಹಿಡಿಸ್ತದೆ, ಯಾಕಂದರೆ ಅದರಲ್ಲಿ ನಾಲಿಗೆ, ಕಿವಿ, ಬೆರಳು ಮೂರಕ್ಕೂ ಕೆಲಸ ಉಂಟು.

ಮಾಲೆಯಲ್ಲಿ 108 ಮಣಿ, ಮೇಲೊಂದು ಮೇರು. ಬಲಗೈಯ ನಡುಬೆರಳಿನ ಮೇಲೆ ಸರ ಇಟ್ಟು ಹೆಬ್ಬೆರಳಿನಿಂದ ಮಣಿ ಎಳೆಯುವುದು, ತೋರುಬೆರಳು ತಾಗಿಸುವುದಿಲ್ಲ. ಮೇರು ಬಂದಾಗ ದಾಟದೆ ಮಾಲೆ ತಿರುಗಿಸಿ ಹಿಂದೆ ಬರುವುದು. ‘ಓಂ ನಮೋ ನಾರಾಯಣಾಯ’ ಒಂದಕ್ಕೆ ಮೂರು ಸೆಕೆಂಡು ಹಿಡಿದರೆ ಒಂದು ಸುತ್ತಿಗೆ ಐದೂವರೆ ನಿಮಿಷ. ಎರಡು ಸುತ್ತು ಅಂದರೆ ಹತ್ತಿರ ಹತ್ತಿರ ನಿಮ್ಮ 10 ನಿಮಿಷ ಆಯ್ತು, ಟೈಮರ್ ಬೇಡ.

ಜಪದಲ್ಲಿ ಮೂರು ವಿಧ: ವಾಚಿಕ, ಗಟ್ಟಿಯಾಗಿ ಹೇಳುವುದು. ಉಪಾಂಶು, ತುಟಿ ಆಡಿಸಿ ತನಗೆ ಮಾತ್ರ ಕೇಳುವಷ್ಟು. ಮಾನಸ, ಮನಸ್ಸಿನಲ್ಲೇ. ಮಾನಸ ಶ್ರೇಷ್ಠ ಅಂತ ಹೇಳ್ತಾರೆ, ಅದಕ್ಕೇ ಹೊಸಬರು ಸೀದಾ ಅಲ್ಲಿಗೆ ಹಾರಿ ಸೋಲುವುದು. ಮೊದಲ ಕಾಲು ಸುತ್ತು, ಅಂದರೆ 27 ಮಣಿ, ಬಾಯಿಬಿಟ್ಟು ಹೇಳಿ. ಆಮೇಲೆ ಉಪಾಂಶು. ಮನಸ್ಸು ಒಪ್ಪಿದರೆ ಮಾನಸ. ಜಾರಿದ್ದು ಗೊತ್ತಾದಾಗ ಒಂದು ಮೆಟ್ಟಿಲು ಕೆಳಗಿಳಿದು ಪುನಃ ತುಟಿ ಆಡಿಸಿ. ಬೆರಳು ಓಡ್ತಾ ಇದ್ದು ಮಂತ್ರ ಅರ್ಧದಲ್ಲಿ ನುಂಗಿ ಹೋಗ್ತಿದ್ದರೆ ವೇಗ ಜಾಸ್ತಿ ಆಗಿದೆ ಅಂತ ಅರ್ಥ.

ಯಾವುದಕ್ಕೂ ಕೂರುವ ಮೊದಲು ಆರು ಸುತ್ತು ನಾಡಿಶುದ್ಧಿ ಮಾಡಿ. ಬಲ ಹೆಬ್ಬೆರಳಿನಿಂದ ಬಲಹೊಳ್ಳೆ ಮುಚ್ಚಿ ಎಡದಿಂದ ನಾಲ್ಕು ಎಣಿಸುವಷ್ಟು ಎಳೆದು, ಉಂಗುರ ಬೆರಳಿನಿಂದ ಎಡ ಮುಚ್ಚಿ ಬಲದಿಂದ ಆರು ಎಣಿಸುವಷ್ಟು ಬಿಡುವುದು. ಪುನಃ ಬಲದಿಂದ ಎಳೆದು ಎಡದಿಂದ ಬಿಟ್ಟರೆ ಒಂದು ಸುತ್ತು. ಕುಂಭಕ, ಅಂದರೆ ಉಸಿರು ಹಿಡಿದು ನಿಲ್ಲಿಸುವುದು, ಎದುರು ಕೂತು ಹೇಳಿಕೊಡುವವರಿಲ್ಲದೆ ಬೇಡ. ಬಿ.ಪಿ. ಇದ್ದವರಿಗಂತೂ ಬೇಡವೇ ಬೇಡ.

---

ಮಣಿಪಾಲ_ಅಭ್ಯಾಸಿ

@ರಥಬೀದಿ, ನಾಡಿಶುದ್ಧಿ ಒಳ್ಳೆಯದೇ, ಆದರೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಅದು ಮುಗಿದ ಕೂಡಲೇ ಉಸಿರು ಗಮನಿಸಲು ಹೋದರೆ ಎಳೆದು ಬಿಡುವ ಅಭ್ಯಾಸ ಹಾಗೇ ಮುಂದುವರಿಯುತ್ತದೆ. ಕೈ ಇಳಿಸಿ ಒಂದು ನಿಮಿಷ ಏನೂ ಮಾಡದೆ ಇರಬೇಕು. ಉಸಿರು ತನ್ನ ಸಹಜ ಗತಿಗೆ ಬಂದ ಮೇಲೆ ಧ್ಯಾನ. ತಲೆ ತಿರುಗಿದ ಹಾಗೆ, ಬೆರಳು ಜುಮ್ಮೆಂದ ಹಾಗೆ ಆದರೆ ಜೋರಾಗಿ ಉಸಿರಾಡಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದಿದೆ ಎಂದರ್ಥ. ನಿಲ್ಲಿಸಿ ಮಾಮೂಲಿಯಾಗಿ ಉಸಿರಾಡಿ, ತಾನಾಗಿ ಸರಿಹೋಗುತ್ತದೆ.

---

ರಥಬೀದಿ

ಒಪ್ಪಿದೆ. ಆ ಒಂದು ನಿಮಿಷ ನಾನು ಬರೆಯಬೇಕಿತ್ತು.

---

ಕಂಕನಾಡಿ_ಹಳಬ

ಶಿಬಿರದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನೀವು ಹೇಳುವುದು 10 ದಿನದ ವಿಪಶ್ಯನ ಶಿಬಿರ ಅಂತ ತಿಳಿದುಕೊಂಡು ಹೇಳ್ತೇನೆ.

ಈಗಲೇ ಬೇಡ. ಅಲ್ಲಿ ಬೆಳಿಗ್ಗೆ 4 ಗಂಟೆಗೆ ಏಳುವುದು, ದಿನಕ್ಕೆ ಸುಮಾರು 10 ಗಂಟೆ ಕೂರುವುದು, ಮಾತು ಇಲ್ಲ, ಫೋನ್ ಇಲ್ಲ, ಪುಸ್ತಕ ಇಲ್ಲ. ಮೊದಲ ಮೂರು ದಿನ ಮೂಗಿನ ಹತ್ತಿರದ ಉಸಿರು ಮಾತ್ರ, ನಾಲ್ಕನೇ ದಿನದಿಂದ ಮೈಯ ಸಂವೇದನೆಗಳನ್ನು ನೋಡುವುದು. ನಡುವೆ ಬಿಟ್ಟು ಬರುವುದು ಸರಿಯಲ್ಲ, ಅವರೂ ಪೂರ್ತಿ ಇರುವುದಾದರೆ ಮಾತ್ರ ಬನ್ನಿ ಅಂತಲೇ ಹೇಳುವುದು. ಹೊಸಬರನ್ನೂ ಸೇರಿಸಿಕೊಳ್ತಾರೆ ನಿಜ, ಆದರೆ ಮನೆಯಲ್ಲಿ 30 ನಿಮಿಷ ಕಾಲು ಕದಲಿಸದೆ ಕೂರುವ ಅಭ್ಯಾಸ ಇಲ್ಲದೆ ಹೋದರೆ ಅರ್ಧ ಶಿಬಿರ ಮೊಣಕಾಲಿನ ಜೊತೆಗಿನ ಹೋರಾಟದಲ್ಲೇ ಹೋಗ್ತದೆ. ವಾಪಸು ಬಂದ ಮೇಲೆ ದಿನದ ಅಭ್ಯಾಸ ಉಳಿಯದಿದ್ದರೆ ಪ್ರಯೋಜನವೂ ಸ್ವಲ್ಪವೇ.

ಎರಡನೆಯದು ಇದಕ್ಕಿಂತ ಮುಖ್ಯ. ಕಣ್ಣು ಮುಚ್ಚಿ ಕೂತಾಗ ಎದೆ ಡವಗುಟ್ಟುವುದು, ಹಳೆಯ ಘಟನೆ ಕಣ್ಣೆದುರು ಬಂದ ಹಾಗೆ ಆಗುವುದು, ತಾನು ಬೇರೆ ಮೈ ಬೇರೆ ಅನಿಸಿ ಹೆದರಿಕೆ ಆಗುವುದು ಇದ್ದರೆ ‘ಇದೂ ಒಂದು ಹಂತ’ ಅಂತ ತಳ್ಳಿಕೊಂಡು ಹೋಗಬಾರದು. ಕಣ್ಣು ತೆರೆಯಿರಿ, ಪಾದ ನೆಲಕ್ಕೆ ಒತ್ತಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಬಾಯಿಬಿಟ್ಟು ಹೇಳಿ, ಎದ್ದು ಓಡಾಡಿ. ಪುನಃ ಪುನಃ ಆದರೆ ಧ್ಯಾನ ನಿಲ್ಲಿಸಿ ಮಾನಸಿಕ ಆರೋಗ್ಯದ ಡಾಕ್ಟರನ್ನು ಕಾಣಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416, ದಿನದ ಯಾವ ಹೊತ್ತಿಗೂ ಮಾಡಬಹುದು, ಕನ್ನಡದಲ್ಲೂ ಮಾತಾಡ್ತಾರೆ.

ಮುಂದೆ ಯಾವಾಗಲಾದರೂ ಶಿಬಿರಕ್ಕೆ ಅರ್ಜಿ ಹಾಕುವಾಗ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ ಕೇಳ್ತಾರೆ. ಅದನ್ನು ಮುಚ್ಚಿಡಬೇಡಿ. ಖಿನ್ನತೆಗೋ ಆತಂಕಕ್ಕೋ ಮಾತ್ರೆ ನಡೀತಾ ಇದ್ದರೆ, ಧ್ಯಾನದಿಂದ ಮನಸ್ಸು ಹಗುರಾಯ್ತು ಅಂತ ಅದನ್ನು ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.